ಖತಲ್ ರಾತ್ರಿಯ ಕಿವಿಗೆ ಹೊಸ ಮೆಟಲ್

ಮೊಹರಂನ ಖತಲ್ ರಾತ್ರಿ ಶಹಾಪುರ, ಸುರಪುರ ಸೀಮೆಯ ಹಳ್ಳಿಯಲ್ಲಿ ಅಲಾಯಿ ಕುಣಿಯ ಹತ್ತಿರ ನಿಂತವರಿಗೆ ಗೊತ್ತು, ಹಲಗಿಯ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಚರ್ಮ, ಕೆಂಡ, ಹೊಗೆ, ಸುತ್ತಲೂ ಹೆಜ್ಜಿ ಹಾಕುವ ಗಂಡಸರು, ಪಕ್ಕದಲ್ಲಿ ಹಸೇನ ಹುಸೇನರ ಸಾವನ್ನು ಕನ್ನಡದಲ್ಲೇ ಹಾಡಿ ಅಳಿಸುವ ರಿವಾಯತ್ ಮೇಳ. ಯುದ್ಧ, ದ್ರೋಹ, ನೀರಡಿಕೆ, ಕಡಿದ ತಲೆ ಇವೆಲ್ಲ ನಮ್ಮ ಕಡೆ ಮಕ್ಕಳು ಅವ್ವನ ಬಗಲಲ್ಲಿ ಕೂತು ಕೇಳುವ ಕಥೆಗಳು. ಹೀಗೆ ಬೆಳೆದ ಕಿವಿ ಹೆವಿ ಮೆಟಲ್‌ಗೆ ಅಂಜಬೇಕಾಗಿಲ್ಲ. ಆದರೂ ಯಾದಗಿರಿಯಲ್ಲಿ ಯಾರ ಮನೆಯಲ್ಲಿ ಸ್ಪೀಕರಿಗೆ ಹಚ್ಚಿದರೂ ಒಳಗಿನಿಂದ ಬರುವ ಮಾತು ಒಂದೇ: ‘ಏನ್ ಒದರ್ತಾನಪಾ ಇಂವ, ಬಂದ್ ಮಾಡು.’

ಮೆಟಲ್ ಎಂದರೆ ಒಂದೇ ಸದ್ದು ಎಂದುಕೊಂಡವರಿಗೆ ಅದು ಒದರಾಟವೇ. ಅದರೊಳಗೆ ಹತ್ತಾರು ದಾರಿಗಳಿವೆ. ಥ್ರ್ಯಾಶ್‌ನವರಿಗೆ ವೇಗ ಮುಖ್ಯ. ಡೂಮ್‌ನವರು ಬೇಕೆಂದೇ ನಿಧಾನಿಸುತ್ತಾರೆ. ಡೆತ್ ಮೆಟಲ್‌ನ ಗಾಯಕ ಮಾಮೂಲಿ ಸ್ವರತಂತುಗಳನ್ನಷ್ಟೇ ನೆಚ್ಚದೆ ಅವುಗಳ ಮೇಲಿರುವ ಮಡಿಕೆಗಳನ್ನು ನಡುಗಿಸಿ ಗುರುಗುಟ್ಟುತ್ತಾನೆ. ಸರಿಯಾಗಿ ಕಲಿಯದೆ ಹಾಗೆ ಹಾಡಿದರೆ ಗಂಟಲು ಕೆಡಬಹುದು. ಪ್ರೋಗ್ರೆಸಿವ್ ಮಂದಿ ಹಾಡನ್ನು ಹತ್ತು ನಿಮಿಷಕ್ಕೆ ಬೆಳೆಸಿ ಒಳಗೆ ನಾಲ್ಕು ಸಲ ಲಯ ಬದಲಿಸುತ್ತಾರೆ. ಇವೆಲ್ಲಕ್ಕೂ ಸಾಮಾನ್ಯವಾದದ್ದು ಸದ್ದಿನ ತೂಕ. ಆ ತೂಕವನ್ನು ಯಾರು ಹೇಗೆ ಹೊರುತ್ತಾರೆ ಎಂಬುದನ್ನೇ ಅಳತೆಗೋಲಾಗಿಟ್ಟು ಇತ್ತೀಚಿನ ನಾಲ್ಕು ಆಲ್ಬಂಗಳನ್ನೂ ಬೆಂಗಳೂರಿನ ಒಂದು ಹಳೆಯ ಆಲ್ಬಂ ಅನ್ನೂ ಇಲ್ಲಿ ಕೇಳಿದ್ದೇನೆ.

ತೂಕ ಹುಟ್ಟಿದ್ದು ಒಂದು ಗಾಯದಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ 17ರ ಹುಡುಗ ಟೋನಿ ಐಯೋಮಿಯ ಬಲಗೈಯ ಎರಡು ಬೆರಳಿನ ತುದಿ ಯಂತ್ರಕ್ಕೆ ಸಿಕ್ಕು ಹೋದವು. ಅವನು ಎಡಚ, ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ, ಒತ್ತಲು ಹಗುರವಾಗಲೆಂದು ಕಾಲಕ್ರಮೇಣ ಶ್ರುತಿಯನ್ನೂ ಇಳಿಸಿದ. 1970ರ ಫೆಬ್ರುವರಿಯಲ್ಲಿ ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಬಂತು. ಮರುವರ್ಷದ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಗಿಟಾರ್ ಮೂರು ಅರೆಸ್ವರ ಕೆಳಗಿಳಿದಿತ್ತು. ಆ ಇಳಿದ ಶ್ರುತಿಯ ಮೇಲೆಯೇ ಇಡೀ ಡೂಮ್ ಪಂಥ ನಿಂತಿದೆ. ಆ ತಂಡದ ಗಾಯಕ ಆಝೀ ಓಸ್ಬೋರ್ನ್ 2025ರ ಜುಲೈ 5ರಂದು ತನ್ನೂರಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಕುರ್ಚಿಯಲ್ಲಿ ಕೂತೇ ಕೊನೆಯ ಸಲ ಹಾಡಿ, ಅದೇ ತಿಂಗಳ 22ರಂದು ತೀರಿಕೊಂಡ. ಕೂಲಿಕಾರರ ಮಕ್ಕಳು ಕಾರ್ಖಾನೆಯ ಊರಲ್ಲಿ ಕಟ್ಟಿದ ಸಂಗೀತ ಇದು. ಇದನ್ನು ಸಿರಿವಂತರ ಶೋಕಿ ಎನ್ನುವವರು ಇಷ್ಟನ್ನಾದರೂ ತಿಳಿದಿರಬೇಕು.

ಕರ್ನಾಟಕದಲ್ಲಿ ಮೆಟಲ್ ಎಂದರೆ ಬೆಂಗಳೂರು. 2007ರ ಮಾರ್ಚ್ 17ರಂದು ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಅಲ್ಲಿನ ಅರಮನೆ ಮೈದಾನದಲ್ಲಿ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದ್ದೂ ಅಲ್ಲೇ. ಮುಂದಿನ ವರ್ಷ ಸ್ಲೇಯರ್ ಬಂತು, ಬೆಂಗಳೂರು ಓಪನ್ ಏರ್ ಉತ್ಸವ ಶುರುವಾಯಿತು. ನಮ್ಮವರಿಗೆ ಇದೆಲ್ಲ ಒಂದು ರಾತ್ರಿಯ ರೈಲಿನ ದೂರ. ಶಹಾಪುರ, ಸುರಪುರಗಳಿಗೆ ರೈಲಿಲ್ಲ. ಬಸ್ಸು ಹಿಡಿದು ಯಾದಗಿರಿ ಸ್ಟೇಷನ್ನಿಗೆ ಬಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ಓದಲು, ದುಡಿಯಲು ಹೋದ ಹುಡುಗರು ಮೊಬೈಲಿನಲ್ಲಿ ಹೊತ್ತು ತಂದದ್ದೇ ಈ ಭಾಗದ ಮೆಟಲ್ ಸಂಗ್ರಹ.

ಮೊದಲು ಬೆಂಗಳೂರಿನ ಕ್ರಿಪ್ಟೋಸ್. 1998ರಲ್ಲಿ ಹುಟ್ಟಿದ ತಂಡ. 2004ರ ‘ಸ್ಪೈರಲ್ ಅಸೆಂಟ್’ ಮೊದಲ ಆಲ್ಬಂ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಅದಕ್ಕೂ ಎರಡು ವರ್ಷ ಮೊದಲು ಬೆಂಗಳೂರಿನದೇ ಎಕ್ಸೆಂಟ್ರಿಕ್ ಪೆಂಡ್ಯುಲಮ್ ಸ್ಪರ್ಧೆ ಗೆದ್ದು ಆ ವೇದಿಕೆ ಹತ್ತಿತ್ತು. ಮೆಟಲ್ ಕೇಳುವವರಿಗೆ ವಾಕೆನ್ ಜಾತ್ರೆ ಇದ್ದ ಹಾಗೆ: ಒಂದು ಸಣ್ಣ ಹಳ್ಳಿ, ವರ್ಷಕ್ಕೊಮ್ಮೆ ಬಂದು ಸೇರುವ ಹತ್ತಾರು ಸಾವಿರ ಜನ, ಮಳೆ ಬಂದರೆ ಮೊಣಕಾಲುಮಟ್ಟ ಕೆಸರು.

ಕ್ರಿಪ್ಟೋಸ್‌ನ 2024ರ ‘ಡೆಸಿಮೇಟರ್’ ಹಳೆಯ ಪಂಥದ ಶುದ್ಧ ಹೆವಿ ಮೆಟಲ್. 1980ರ ದಶಕದ ಜೂಡಸ್ ಪ್ರೀಸ್ಟ್, ಐರನ್ ಮೇಡನ್‌ಗಳ ಮನೆತನದ ಸದ್ದು. ಎರಡು ಗಿಟಾರ್ ಒಂದೇ ಸ್ವರಮಾಲೆಯನ್ನು ಎರಡು ಎತ್ತರದಲ್ಲಿ ಹಿಡಿದು ಜೊತೆಯಾಗಿ ಏರುವ ಆ ನಡೆ ಇಲ್ಲಿ ಹಾಡುಹಾಡಿನಲ್ಲೂ ಇದೆ. ತಂಡ ಅದನ್ನು ಕೈತಪ್ಪದೆ ಮಾಡುತ್ತದೆ. ‘ಟರ್ನ್ ಅಪ್ ದಿ ಹೀಟ್’ ಹಾಡನ್ನು ಮೇ ತಿಂಗಳ ಯಾದಗಿರಿಯಲ್ಲಿ ಕೇಳಿದರೆ ಹೆಸರಿಗೆ ಬೇರೆ ವಿವರಣೆ ಬೇಕಿಲ್ಲ. ಡ್ರಮ್ಮಿನಲ್ಲಿ ಪ್ರದರ್ಶನದ ಚಪಲವಿಲ್ಲ, ಪೆಟ್ಟು ನೇರ. ನನಗೆ ಕೊರತೆ ಕಂಡದ್ದು ಕಂಠದಲ್ಲಿ. ನೋಲನ್ ಲೂಯಿಸ್ ಅವರ ಒರಟು ದನಿ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೇ ಎತ್ತರದಲ್ಲಿ ಉಳಿಯುತ್ತದೆ. ಗಿಟಾರ್‌ಗಳು ಹಾರುತ್ತಿರುವಾಗ ಕಂಠ ನೆಲ ಬಿಡುವುದಿಲ್ಲ. ಗುರುಮನೆಯ ಮೇಲಿನ ನಿಷ್ಠೆಯೂ ಎಷ್ಟಿದೆಯೆಂದರೆ, ಕಾಲು ಶತಮಾನ ಬೆಂಗಳೂರಿನಲ್ಲಿ ಬದುಕಿದ ಗುರುತು ಸದ್ದಿನಲ್ಲಾಗಲಿ ಸಾಹಿತ್ಯದಲ್ಲಾಗಲಿ ಹತ್ತಿಲ್ಲ. ಆದರೂ ಮೆಟಲ್ ಎಂದೂ ಕೇಳದವರಿಗೆ ಮೊದಲು ಕೊಡಬೇಕಾದ ಆಲ್ಬಂ ಇದೇ. ರಾಗ ನೆನಪಿನಲ್ಲಿ ಉಳಿಯುತ್ತದೆ.

ಸ್ಥಳದ ಗುರುತು ಬೇಕೆಂದರೆ ಸ್ವಲ್ಪ ಹಿಂದೆ ಹೋಗಬೇಕು. ಬೇವರ್ ಸೀ ಕೂಡ ಬೆಂಗಳೂರಿನದೇ. ಅದರ ಹೆಸರಿನಲ್ಲಿ ಅಡಗಿರುವ ಬೈಗುಳ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ದಿನಾ ಕೇಳುವಂಥದ್ದು. 2012ರಲ್ಲಿ ಬಂದ, ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಂ ಹೊಸದಲ್ಲ. ಆದರೆ ಡೂಮ್ ಎಂದರೇನು ಎಂದು ತಿಳಿಯಲು ಈ ರಾಜ್ಯದಲ್ಲಿ ಹುಟ್ಟಿದ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಐಯೋಮಿ ಇಳಿಸಿದ ಶ್ರುತಿಯ ನೇರ ವಾರಸುದಾರರು ಇವರು. ಒಂದೇ ನುಡಿಸಾಣಿಕೆ ಮತ್ತೆ ಮತ್ತೆ ಬರುತ್ತದೆ. ಮೂರನೆಯ ಸಲ ಬೇಸರ ಬರುತ್ತದೆ, ಎಂಟನೆಯ ಸಲಕ್ಕೆ ಮೈ ತಾನಾಗಿ ತೂಗತೊಡಗುತ್ತದೆ. ಈ ಸಂಗೀತಕ್ಕೆ ಕಾಲ ಬೇಕು. ಊಟವಾದ ಮೇಲೆ ಅಂಗಡಿಗಳ ಬಾಗಿಲು ಅರ್ಧ ಇಳಿದು, ರಸ್ತೆಯಲ್ಲಿ ನಾಯಿಯೂ ತಿರುಗಾಡದ ಬೇಸಿಗೆಯ ಮಧ್ಯಾಹ್ನ ಇದನ್ನು ಕೇಳಬೇಕು. 2015ರ ಎರಡನೆಯ ಆಲ್ಬಂ ‘ಇನ್ವೋಕ್ ದಿ ಬಿಝಾರ್’ ಹೆಚ್ಚು ಅಚ್ಚುಕಟ್ಟು. ನನಗೆ ಮೊದಲನೆಯದರ ಒರಟುತನವೇ ಇಷ್ಟ.

ಈ ಐದರಲ್ಲಿ ನನ್ನನ್ನು ಹೆಚ್ಚು ದಿನ ಹಿಡಿದಿಟ್ಟದ್ದು ಸ್ವೀಡನ್ನಿನ ಓಪೆತ್‌ನ ‘ದಿ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’. 2024ರ ನವೆಂಬರ್‌ನಲ್ಲಿ ಬಂತು. 2008ರ ‘ವಾಟರ್‌ಶೆಡ್’ ಆದಮೇಲೆ ಆಲ್ಬಂಗಳಲ್ಲಿ ಗುರುಗುಟ್ಟುವ ಕಂಠವನ್ನು ಬಿಟ್ಟಿದ್ದ ಮೈಕೆಲ್ ಓಕರ್‌ಫೆಲ್ಟ್ ಇದರಲ್ಲಿ ಅದಕ್ಕೆ ಮರಳಿದ್ದಾರೆ. ಮರಳಲು ಕಥೆಯಲ್ಲೇ ಕಾರಣವಿದೆ. ಮೊದಲ ಮಹಾಯುದ್ಧದ ನಂತರದ ದಿನಗಳು, ದೊಡ್ಡ ಬಂಗಲೆ, ಸತ್ತ ಯಜಮಾನನ ಮೃತ್ಯುಪತ್ರವನ್ನು ಮಕ್ಕಳ ಎದುರು ಓದಲಾಗುತ್ತಿದೆ. ಕೊನೆಯದೊಂದನ್ನು ಬಿಟ್ಟರೆ ಹಾಡುಗಳಿಗೆ ಹೆಸರಿಲ್ಲ, ದಸ್ತಾವೇಜಿನ ಕಲಮುಗಳ ಹಾಗೆ ಸಂಖ್ಯೆ ಮಾತ್ರ. ಸತ್ತವನ ಮಾತು ಬಂದಾಗ ಗುರುಗುಟ್ಟು, ಉಳಿದಂತೆ ಸ್ವಚ್ಛ ಕಂಠ. ಕಲಮಿನಿಂದ ಕಲಮಿಗೆ ಗುಟ್ಟು ಬಯಲಾಗುತ್ತ, ರಕ್ತಸಂಬಂಧ ಯಾರದು, ಪಾಲು ಯಾರಿಗೆ ಎಂಬ ಪ್ರಶ್ನೆ ಬಿಗಿಯಾಗುತ್ತದೆ. ಜೆತ್ರೋ ಟಲ್‌ನ ಇಯಾನ್ ಆ್ಯಂಡರ್ಸನ್ ಕೊಳಲು ನುಡಿಸಿದ್ದಾರೆ, ನಡುವೆ ದಸ್ತಾವೇಜನ್ನೂ ಓದಿದ್ದಾರೆ.

ಸುರಪುರದವರಿಗೆ ಇದು ಪರದೇಶದ ಕಥೆ ಅನ್ನಿಸಲಾರದು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ರಾಣಿ ಈಶ್ವರಮ್ಮ ಮತ್ತು ಮೈದುನ ಪಿಡ್ಡನಾಯಕರ ನಡುವೆ ಆಡಳಿತದ ತಕರಾರು ಎದ್ದು, ಬಗೆಹರಿಸಲೆಂದು 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬಂದು ಕೂತರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಇದೆ. ಅವರನ್ನು ಅಪ್ಪಾ ಎಂದು ಕರೆಯುತ್ತ ಬೆಳೆದ ಆ ಹುಡುಗನೇ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕ. ದಸ್ತಾವೇಜು, ಮನೆತನ, ಮುಚ್ಚಿಟ್ಟ ಮಾತು, ಸತ್ತವರ ಇಚ್ಛೆಗೆ ಬದುಕಿದವರು ತೆರುವ ಬೆಲೆ ಇವುಗಳನ್ನೆಲ್ಲ ಓಪೆತ್ ತೂಕವಾಗಿಸಿದೆ. ಗಿಟಾರ್ ಜೋರಾದುದರಿಂದಲ್ಲ, ಕಥೆ ಭಾರವಾದುದರಿಂದ ಈ ಆಲ್ಬಂ ಭಾರ. ತಂತಿವಾದ್ಯ ಮೇಳದ ಭಾಗಗಳು ಕೆಲವೆಡೆ ಗಿಟಾರಿಗೆ ಅಡ್ಡ ಬರುತ್ತವೆ ಎಂಬುದೊಂದೇ ನನ್ನ ತಕರಾರು. ಹೊಸ ಡ್ರಮ್ಮರ್ ವಾಲ್ಟೆರಿ ವಾಯ್ರುನೆನ್ ಕೈ ಬಹಳ ಚುರುಕು. ಲಯ ಎಲ್ಲಿ ಬದಲಾಯಿತೆಂದು ತಿಳಿಯುವ ಮೊದಲೇ ಬದಲಾಗಿರುತ್ತದೆ.

ಅಮೆರಿಕದ ಬ್ಲಡ್ ಇನ್‌ಕ್ಯಾಂಟೇಶನ್ ಅದೇ ವರ್ಷ ತಂದ ‘ಆ್ಯಬ್ಸಲ್ಯೂಟ್ ಎಲ್ಸ್‌ವೇರ್’ ಡೆತ್ ಮೆಟಲ್. ಎರಡೇ ರಚನೆ, ಒಂದೊಂದೂ ಇಪ್ಪತ್ತು ನಿಮಿಷ ಮೀರಿದ್ದು. ಬರ್ಲಿನ್‌ನ ಹಾನ್ಸಾ ಸ್ಟುಡಿಯೋದಲ್ಲಿ ಧ್ವನಿಮುದ್ರಣ. ನೂರಾರು ಪೆಟ್ಟಿನ ಡ್ರಮ್ ಒಮ್ಮೆಲೇ ನಿಂತು, 1970ರ ದಶಕದ ಜರ್ಮನ್ ಸಿಂಥಸೈಜರ್ ಸದ್ದು ಹರಿದು, ಮತ್ತೆ ಹಠಾತ್ತಾಗಿ ಗುರುಗುಟ್ಟು. ವಿಮರ್ಶಕರು ಇದನ್ನು ಹೊತ್ತು ಕುಣಿದರು. ಎರಡನೆಯ ರಚನೆಗೆ ನಾನೂ ಸೋತಿದ್ದೇನೆ. ಮೊದಲನೆಯದರಲ್ಲಿ ಮಾತ್ರ ಎರಡು ಸಂಗೀತಗಳು ಪಕ್ಕಪಕ್ಕ ಕೂತಿವೆ, ಕೂಡಿಲ್ಲ.

ದೆಹಲಿಯ ಬ್ಲಡಿವುಡ್‌ನದು ಫೋಕ್ ಮೆಟಲ್. 2022ರ ‘ರಕ್ಷಕ್’ ಆದಮೇಲೆ 2025ರ ಮಾರ್ಚ್‌ನಲ್ಲಿ ‘ನು ಡೆಲ್ಲಿ’ ಬಂತು. ಢೋಲು, ಕೊಳಲು, ಹಿಂದಿ, ಪಂಜಾಬಿ, ಇಂಗ್ಲಿಷ್ ರ್‍ಯಾಪ್. ‘ತಡ್ಕಾ’ ಪೂರ್ತಿ ಊಟದ ಮೇಲಿನ ಹಾಡು. ಜಪಾನಿನ ಬೇಬಿಮೆಟಲ್ ಜೊತೆ ಹಾಡಿದ ‘ಬೇಖೌಫ್’ ಕೂಡ ಇದೆ. ಹಳ್ಳಿಯ ಹುಡುಗರು ಮೊದಲ ಸಲಕ್ಕೇ ಕುಣಿಯುವುದು ಇದಕ್ಕೇ, ಏಕೆಂದರೆ ಢೋಲಿನ ಪೆಟ್ಟು ಗುರುತಿನದು. ನನಗೆ ಸಾಲದ್ದು ಬೇರೆ. ಎಲ್ಲ ಹಾಡೂ ಪೂರ್ತಿ ದನಿಯಲ್ಲೇ ಹುಟ್ಟಿ ಪೂರ್ತಿ ದನಿಯಲ್ಲೇ ಮುಗಿಯುತ್ತದೆ. ಇಳಿಯುವುದೇ ಗೊತ್ತಿಲ್ಲದವರಿಗೆ ಏರಿದ್ದೂ ಗೊತ್ತಾಗುವುದಿಲ್ಲ. ಹಲಗಿ ಬಾರಿಸುವವರು ರಾತ್ರಿಯಿಡೀ ನಡೆಯಬೇಕಾದ ಕುಣಿತವನ್ನು ಮೊದಲ ತಾಸಿನಲ್ಲೇ ಏರಿಸಿಬಿಡುವುದಿಲ್ಲ. ಆದರೆ ಬ್ಲಡಿವುಡ್ ಒಂದು ಕೆಲಸವನ್ನು ಖಚಿತವಾಗಿ ಮಾಡಿದೆ: ಮನೆಯ ಮಾತಿನಲ್ಲಿ ಮೆಟಲ್ ಹಾಡಿ ಯುರೋಪು, ಜಪಾನುಗಳ ಜನರನ್ನು ತಮ್ಮ ಜೊತೆ ಹಾಡಿಸಿದೆ.

ನಾನು ಮೇಲೆ ಹೆಸರಿಸಿದ ಬೆಂಗಳೂರಿನ ತಂಡಗಳು ಹಾಡುವುದು ಇಂಗ್ಲಿಷಿನಲ್ಲಿ. ಕನ್ನಡ ಮೆಟಲ್‌ಗೆ ಒಗ್ಗುವುದಿಲ್ಲ ಎಂಬ ಮಾತನ್ನು ಸಂಗೀತಗಾರರಿಂದಲೇ ಕೇಳಿದ್ದೇನೆ, ಅದರಲ್ಲಿ ಅರ್ಧ ನಿಜವಿದೆ. ಇಂಗ್ಲಿಷ್ ಪದಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿಯುತ್ತವೆ, ಕತ್ತರಿಸಿದ ಥ್ರ್ಯಾಶ್ ಲಯಕ್ಕೆ ಅವು ಚೆನ್ನಾಗಿ ಕೂರುತ್ತವೆ. ಗ್ರಂಥಸ್ಥ ಕನ್ನಡ ಸ್ವರದಲ್ಲಿ ಮುಗಿದು ಬಾಲ ಎಳೆಯುತ್ತದೆ. ಆದರೆ ಯಾದಗಿರಿಯಲ್ಲಿ ಗ್ರಂಥಸ್ಥ ಕನ್ನಡ ಮಾತಾಡುವವರು ಯಾರು? ‘ಹೊಂಟಾನ್’, ‘ಸತ್ತಾರ್’, ‘ಹೊಡದ್ರ್’ ಎಂದು ತುಂಡರಿಸುವ ನಮ್ಮ ನುಡಿಗೆ ಆ ಲಯ ಕಷ್ಟವಲ್ಲ. ಒತ್ತಕ್ಷರಗಳ ಮೇಲೆ ಡ್ರಮ್ಮಿನ ಜೋಡಿ ಪೆಟ್ಟು ಬಿದ್ದರೆ ಹೇಗಿರುತ್ತದೆ ಎಂಬುದಕ್ಕೆ ಹಲಗಿಯವರು ಕುಣಿಯುವವರನ್ನು ಹುರಿದುಂಬಿಸಲು ಕೂಗುವ ನುಡಿಗಳನ್ನೇ ಕೇಳಬಹುದು.

ಡೂಮ್‌ಗಂತೂ ಎಳೆಯುವ ಸ್ವರವೇ ಬೇಕು. ಕಡಕೋಳ ಮಡಿವಾಳಪ್ಪನವರ, ತಿಂಥಣಿ ಮೌನೇಶ್ವರರ ಪರಂಪರೆಯಲ್ಲಿ ಹಾಡುವವರ ಬಳಿ ಇರುವುದು ಏಕತಾರಿ, ದಮ್ಮಡಿ, ತಾಳ. ಏಕತಾರಿ ಒಂದೇ ಸ್ವರವನ್ನು ರಾತ್ರಿಯಿಡೀ ಹಿಡಿದಿರುತ್ತದೆ. ದೇಹ ಮಣ್ಣಾಗುವುದು, ಗುರು ಒದ್ದು ಎಬ್ಬಿಸುವುದು, ಸಾವಿನ ಜೊತೆ ಸಲಿಗೆಯ ಮಾತು ಇವೇ ಅವರು ಹಾಡುವ ತತ್ವಪದಗಳ ವಸ್ತು. ಡೂಮ್ ತಂಡಗಳು ಅಮೆರಿಕದ ಭಯಾನಕ ಕಥೆಗಳಲ್ಲಿ ಹುಡುಕುವ ಕತ್ತಲು ಇಲ್ಲಿ ಭಜನೆಯ ಸಾಲುಗಳಲ್ಲಿದೆ. ಏಕತಾರಿಯ ಶ್ರುತಿಗೆ ಗಿಟಾರಿನ ಕೆಳತಂತಿಯನ್ನು ಇಳಿಸಿಕೊಂಡು, ದಮ್ಮಡಿಯ ಪೆಟ್ಟನ್ನು ಡ್ರಮ್ಮಿಗೆ ಕೊಟ್ಟು, ಬೇವರ್ ಸೀಯ ಮೊದಲ ಆಲ್ಬಮ್ಮಿನ ವೇಗದಲ್ಲಿ ಒಂದು ತತ್ವಪದ ಹಾಡಿಸಿದರೆ ಸಾಲಿನ ಉಸಿರು ಲಯದೊಳಗೆ ಸರಿಯಾಗಿ ಸಾಲುತ್ತದೆ. ಪಲ್ಲವಿಯ ಎತ್ತುಗಡೆಯಲ್ಲಿ ಮಾತ್ರ ಡ್ರಮ್ಮರ್ ಅರ್ಧ ಮಾತ್ರೆ ಕಾಯಬೇಕಾಗುತ್ತದೆ.