ಸೂಕ್ ವಾಕಿಫ್‌ನ ಜುಟ್ಟು ಹಕ್ಕಿಗಳು

ಕತಾರಿನ ದೋಹಾದ ಸೂಕ್ ವಾಕಿಫ್ ಪೇಟೆಯಲ್ಲಿ ಹಕ್ಕಿ ಸಂತೆಗೆ ದಾರಿ ಕೇಳಬೇಕಿಲ್ಲ. ಮಸಾಲೆ, ಅತ್ತರಿನ ಅಂಗಡಿಗಳನ್ನು ದಾಟಿ ಗದ್ದಲ ಕೇಳಿದತ್ತ ನಡೆದರೆ ಸಾಕು. ಪಾರಿವಾಳ, ಲವ್‌ಬರ್ಡ್ಸ್‌ಗಳ ಪಂಜರಗಳ ನಡುವೆ ಬೂದು ಮೈ, ಹಳದಿ ಮುಖ, ಕೆನ್ನೆಗೆ ಕಿತ್ತಳೆ ಬೊಟ್ಟು ಇಟ್ಟುಕೊಂಡ ಕಾಕಟೀಲ್ ಜುಟ್ಟು ನಿಮಿರಿಸಿ ಕೂತಿರುತ್ತದೆ. ಬೆಂಗಳೂರಿನ ರಸೆಲ್ ಮಾರ್ಕೆಟ್ ಕಂಡವರಿಗೆ ಇದು ಹಳೆಯ ಪರಿಚಯ.

ಒಣಹಳ್ಳದ ಅಂಚಿನಲ್ಲಿ ಅಲೆಮಾರಿ ಬೆಡೂಯಿನರು ಕುರಿ, ಉಣ್ಣೆ ಮಾರುತ್ತಿದ್ದ ಪೇಟೆ ಸೂಕ್ ವಾಕಿಫ್. 2003ರ ಬೆಂಕಿಯಲ್ಲಿ ಬಹುಭಾಗ ಸುಟ್ಟಿತು. ಆಮೇಲೆ ಹಳೆಯ ರೂಪದಲ್ಲೇ, ಮಣ್ಣುಬಣ್ಣದ ಗೋಡೆ, ಮರದ ತೊಲೆಗಳೊಂದಿಗೆ ಎದ್ದು ನಿಂತಿತು.

ಕಾಕಟೀಲ್ ಕಾಕಟೂ ಕುಟುಂಬದ ಅತಿ ಚಿಕ್ಕ ಹಕ್ಕಿ. ತವರು ಆಸ್ಟ್ರೇಲಿಯಾದ ಒಳನಾಡು. ಹುಲ್ಲುಗಾವಲು, ಅಕೇಶಿಯಾ ಪೊದೆ, ಜೋಳ-ಗೋಧಿ ಹೊಲ ಎಲ್ಲವೂ ಅದರದೇ. ರೈತರ ಶಾಪವೂ ಅದಕ್ಕೆ ತಪ್ಪಿದ್ದಲ್ಲ. ಒಂದೇ ಕಡೆ ನೆಲೆನಿಲ್ಲುವ ಜಾಯಮಾನವಲ್ಲ. ಮಳೆ ಬಿದ್ದು ಹುಲ್ಲು ಕಾಳುಕಟ್ಟಿದತ್ತ ಹಿಂಡು ಹಾರುತ್ತದೆ, ನೀರಿನ ಹತ್ತಿರದ ನೀಲಗಿರಿ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಗಂಡೂ ಕಾವು ಕೂರುತ್ತದೆ.

ಆಸ್ಟ್ರೇಲಿಯಾದ ನಡುಮಧ್ಯದ ಆಲಿಸ್ ಸ್ಪ್ರಿಂಗ್ಸ್ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಎಷ್ಟು ದೂರವೋ, ಉತ್ತರಕ್ಕೆ ದೋಹಾ ಹೆಚ್ಚುಕಡಿಮೆ ಅಷ್ಟೇ ದೂರ. ಹಾಗೆಂದು ಈ ಹಕ್ಕಿಗೆ ಇದು ಎರಡನೇ ತವರೆನ್ನುವಂತಿಲ್ಲ. ಆಲಿಸ್ ಸ್ಪ್ರಿಂಗ್ಸ್‌ಗೆ ವರ್ಷಕ್ಕೆ 280 ಮಿಲಿಮೀಟರ್ ಆಸುಪಾಸು ಮಳೆ. ಕತಾರಿಗೆ 75ರ ಸುತ್ತಮುತ್ತ. ನದಿಯಿಲ್ಲ, ಕುಡಿಯುವ ನೀರು ಸಮುದ್ರದ ಉಪ್ಪು ತೆಗೆದದ್ದು. ಪೊಟರೆ ಬೀಳುವಷ್ಟು ಹಳೆಯ ಮರಗಳೂ ವಿರಳ. ಬೇಸಿಗೆಯಲ್ಲಿ ಹಕ್ಕಿಯ ಗತಿ ಎ.ಸಿ. ಕೋಣೆಯೇ.

ಆಸ್ಟ್ರೇಲಿಯಾ ತನ್ನ ಹಕ್ಕಿಗಳನ್ನು ವ್ಯಾಪಾರಕ್ಕೆ ಹೊರಗೆ ಕಳಿಸುವುದನ್ನು 1960ರಲ್ಲೇ ನಿಲ್ಲಿಸಿದೆ. ಹಾಗಾಗಿ ಪೇಟೆಗೆ ಬರುವ ಕಾಕಟೀಲ್‌ಗಳು ಸಾಕಣೆಯಲ್ಲೇ ಹುಟ್ಟಿದವು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಪಟ್ಟಿಯಲ್ಲಿ ಗಿಳಿ-ಕಾಕಟೂಗಳೆಲ್ಲ ಇದ್ದರೂ, ಕಾಕಟೀಲನ್ನೂ ಬಜರಿಗರ್‌ನಂಥ ಕೆಲವೇ ಜಾತಿಗಳನ್ನೂ ಹೊರಗಿಟ್ಟಿದ್ದಾರೆ.

ನನಗೆ ಸೋಜಿಗವೆನಿಸಿದ್ದು ಸೂಕ್‌ನ ಹೊರಗೆ. ದೋಹಾದ ಉದ್ಯಾನಗಳಲ್ಲಿ ಕೀಚ್ ಕೀಚ್ ಎನ್ನುತ್ತ ಹಾರುವುದು ನಮ್ಮದೇ ಕೊರಳಪಟ್ಟಿಯ ಹಸಿರು ಗಿಳಿ. ಎಂದೋ ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ, ನೀರುಣಿಸಿ ಬೆಳೆಸಿದ ಖರ್ಜೂರ, ಬೇವುಗಳ ನಡುವೆ ಸಂಸಾರ ಹೂಡಿದೆ. ಮರುಭೂಮಿಯ ಹಕ್ಕಿ ಪಂಜರದೊಳಗೆ, ತೋಟ-ತೋಪಿನ ಗಿಳಿ ಹೊರಗೆ!

ಹಕ್ಕಿ ಸಂತೆ ನೋಡಲು ಸಂಜೆಯೇ ಸೂಕ್ತ. ಮೆಟ್ರೊದ ಗೋಲ್ಡ್ ಲೈನ್‌ನಲ್ಲಿ ಸೂಕ್ ವಾಕಿಫ್ ಹೆಸರಿನದೇ ನಿಲ್ದಾಣವಿದೆ. ಡೇಗೆಗಳ ಪ್ರತ್ಯೇಕ ಪೇಟೆಯೂ, ಅವುಗಳ ಆಸ್ಪತ್ರೆಯೂ ಅಲ್ಲೇ ಮಗ್ಗುಲಲ್ಲಿವೆ.