ಎಂಟು ಕಿಟಕಿಗಳ ಕೋಣೆ

ಮನೆಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡುವ ಪದ್ಧತಿ 2020ರ ಲಾಕ್‌ಡೌನಿನೊಂದಿಗೆ ಬಂತೆಂದು ಹೇಳುವುದು ವಾಡಿಕೆಯಾಗಿದ್ದರೂ, ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊರಿನ ಕಂದಾಯದ ಲೆಕ್ಕವನ್ನು ವಂಶಪಾರಂಪರ್ಯವಾಗಿ ಬರೆಯುತ್ತಿದ್ದ ಶಾನುಭೋಗರಿಗೆ ಮನೆಯೇ ಕಚೇರಿಯಾಗಿತ್ತು. ಹುಣಸೆಬೀಜದ ಅಂಟಿಗೆ ಇದ್ದಿಲಿನ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಉದ್ದನೆಯ ಪಟ್ಟಿಗೆ ಕಡತವೆಂದು ಹೆಸರು; ಅದನ್ನು ಬಿಡಿಸಿಕೊಂಡು ಬಳಪದಿಂದ ಬರೆದರೆ ಕಪ್ಪಿನ ಮೇಲೆ ಬಿಳಿಯ ಅಕ್ಷರ ಮೂಡುತ್ತಿತ್ತು. ಕಡತ ಮರೆಯಾದರೂ ಸರ್ಕಾರಿ ಫೈಲಿಗೆ ಅದರ ಹೆಸರು ಇಂದಿಗೂ ಉಳಿದಿದೆ. ಆದರೆ ಪಡಸಾಲೆಯ ಒಂದು ಮೂಲೆಗೆ ಸೀಮಿತವಾಗಿದ್ದ ಇಂಥ ಕೆಲಸಕ್ಕೆಂದೇ ಒಂದು ಕೋಣೆಯನ್ನು ಕಲ್ಪಿಸಿ ಕಟ್ಟಿಸುವುದು ಬೇರೆಯೇ ವಿಚಾರ. ಅದರ ಸುಖವನ್ನೂ ತೊಡಕನ್ನೂ ಒಟ್ಟಿಗೆ ತೋರಿಸುವ ಕಟ್ಟಡವೊಂದು ಮೈಸೂರಿನ ಯಾದವಗಿರಿಯಲ್ಲಿದೆ.

ಮಾಲ್ಗುಡಿಯ ಕಥೆಗಾರ ಆರ್.ಕೆ. ನಾರಾಯಣ್ 1940ರ ದಶಕದ ಕೊನೆಯ ಹೊತ್ತಿಗೆ ಕಟ್ಟಿಸಲಾರಂಭಿಸಿ, ಮುಂದಿನ ದಶಕದ ಮೊದಲ ವರ್ಷಗಳಲ್ಲಿ ಮುಗಿಸಿದ ಎರಡಂತಸ್ತಿನ ಮನೆ ಅದು. ಕುಟುಂಬವೆಲ್ಲ ಇನ್ನೂ ಲಕ್ಷ್ಮೀಪುರಂನ ಮನೆಯಲ್ಲಿದ್ದಾಗ ಅವರು ಬರೆಯುವುದಕ್ಕೆಂದು ಯಾದವಗಿರಿಗೆ ಹೋಗಿ ಬರುತ್ತಿದ್ದರೆಂಬ ಸಂಗತಿ ಗಮನಾರ್ಹವಾದುದು. ಕೆಲಸದ ಜಾಗ ಸಂಸಾರದ ಗದ್ದಲದಿಂದ ತುಸು ದೂರವಿರಬೇಕೆಂಬುದನ್ನು ಅವರು ಹೀಗೆ ಸಾಧಿಸಿಕೊಂಡಿದ್ದರು. ಆ ಮನೆಯಲ್ಲಿ ತಮಗಾಗಿ ಅವರು ರೂಪಿಸಿಕೊಂಡದ್ದು ಗೋಡೆಯ ಸಾಲಿನಿಂದ ಕಮಾನಿನಂತೆ ಮುಂದಕ್ಕೆ ಚಾಚಿಕೊಂಡ, ಎಂಟು ಕಿಟಕಿಗಳ ಓದುಕೋಣೆ. ದಕ್ಷಿಣಕ್ಕೆ ಚಾಮುಂಡಿ ಬೆಟ್ಟ, ಪೂರ್ವಕ್ಕೆ ನಗರದ ಗೋಪುರ ಗುಮ್ಮಟಗಳು, ನಡುವೆ ಹಾದುಹೋಗುವ ರೈಲು, ಬಯಲಿನಲ್ಲಿ ಮೇಯುವ ದನಕುರಿ, ಎಲ್ಲವೂ ಕುಳಿತಲ್ಲಿಂದಲೇ ಕಾಣುವಂತಿದ್ದ ಆ ಕೋಣೆಗಿಂತ ಸೊಗಸಾದುದನ್ನು ಬರಹಗಾರನೊಬ್ಬ ಬಯಸುವುದು ಕಷ್ಟ. ಆದರೂ ಬರವಣಿಗೆ ಮುಂದೆ ಸಾಗಲಿಲ್ಲ. ಕಣ್ಣು ಕಾಗದದ ಮೇಲೆ ನಿಲ್ಲದೆ ಹೊರಗೇ ಅಲೆಯುತ್ತಿದ್ದುದರಿಂದ, ಅಷ್ಟು ಆಸೆಯಿಂದ ಇಡಿಸಿದ ಕಿಟಕಿಗಳಿಗೆ ಅವರೇ ದಪ್ಪ ಪರದೆ ಇಳಿಬಿಡಬೇಕಾಯಿತು. ಅವರಿಗೆ 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ 'ದಿ ಗೈಡ್' ಕಾದಂಬರಿಯಂತೂ ಈ ಕೋಣೆಯಲ್ಲಿ ಹುಟ್ಟದೆ, ಅಮೆರಿಕದ ಬರ್ಕ್ಲಿಯ ಹೋಟೆಲ್ ಕೋಣೆಯೊಂದರಲ್ಲಿ ಬರೆಯಲ್ಪಟ್ಟಿತು.

ಊಟದ ಮೇಜನ್ನೋ ಮಂಚದ ಅಂಚನ್ನೋ ಕಚೇರಿ ಮಾಡಿಕೊಂಡು ಕುತ್ತಿಗೆ, ಸೊಂಟ ನೋಯಿಸಿಕೊಂಡ ಈ ಕಾಲದವರಿಗೆ ಆ ಪರದೆಯಿಂದ ಕಲಿಯುವುದು ಬಹಳವಿದೆ. ಬೆಳಕು ಬೇಕೇ ಹೊರತು ಅದು ಕಣ್ಣೆದುರೇ ಇರಬೇಕಾಗಿಲ್ಲ. ಕಿಟಕಿ ಬೆನ್ನ ಹಿಂದಿದ್ದರೆ ಕಂಪ್ಯೂಟರಿನ ಪರದೆಯ ಮೇಲೆ ಅದರ ಪ್ರತಿಬಿಂಬ ಬೀಳುತ್ತದೆ, ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ. ಆದ್ದರಿಂದ ಮೇಜನ್ನು ಕಿಟಕಿಗೆ ಅಡ್ಡಲಾಗಿಟ್ಟು, ಬಲಗೈಯಲ್ಲಿ ಬರೆಯುವವರು ಬೆಳಕು ಎಡಗಡೆಯಿಂದ ಬೀಳುವಂತೆ ಕೂರುವುದು ಲೇಸು. ಅಂಗಡಿಯಲ್ಲಿ ಸಿಗುವ ಮೇಜುಗಳ ಎತ್ತರ ಸಾಮಾನ್ಯವಾಗಿ 75 ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ, ಗಿಡ್ಡನೆಯವರು ಕುರ್ಚಿಯನ್ನು ಎತ್ತರಿಸಿ ಕಾಲಡಿಗೆ ಮಣೆಯೊಂದನ್ನು ಇಟ್ಟುಕೊಳ್ಳದಿದ್ದರೆ ಮೊಣಕೈ ಸಮಕೋನದಲ್ಲಿ ನಿಲ್ಲದೆ ಭುಜಕ್ಕೆ ಆಯಾಸವಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು, ಅದೂ ಇಲ್ಲದಿದ್ದರೆ ಒಂದು ಪರದೆ.

ನಾರಾಯಣ್ 2001ರಲ್ಲಿ ತೀರಿಕೊಂಡರು. ಖಾಲಿ ಬಿದ್ದಿದ್ದ ಮನೆ ಮಾರಾಟವಾಗಿ 2011ರಲ್ಲಿ ಒಡೆಯುವ ಕೆಲಸ ಆರಂಭವಾದ ಮೇಲಷ್ಟೇ ಊರಿಗೆ ಎಚ್ಚರವಾಯಿತೆಂಬುದು ನೋವಿನ ಸಂಗತಿ. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸಾರ್ವಜನಿಕ ಹಣವೇಕೆಂದು ಕೆಲವು ಕನ್ನಡ ಲೇಖಕರು ಆಕ್ಷೇಪವನ್ನೂ ಎತ್ತಿದರು. ಕನ್ನಡ ಲೇಖಕರ ಎಷ್ಟೋ ಮನೆಗಳು ಹೇಳಹೆಸರಿಲ್ಲದೆ ಹೋಗಿರುವಾಗ ಆ ಸಂಕಟ ನ್ಯಾಯವಾದುದೇ. ಆದರೆ ಒಂದು ಮನೆಯನ್ನು ಉಳಿಸಲಿಲ್ಲವೆಂಬುದು ಇನ್ನೊಂದನ್ನು ಕೆಡವಲು ಕಾರಣವಾಗಲಾರದು. ಕೊನೆಗೆ ನಗರಪಾಲಿಕೆ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಮನೆಯಲ್ಲೊಂದು ಕೆಲಸದ ಕೋಣೆ ಮಾಡಿಕೊಳ್ಳಬೇಕೆಂದಿರುವವರು ಬಡಗಿಯನ್ನು ಕರೆಯುವ ಮುನ್ನ ಒಮ್ಮೆ ಯಾದವಗಿರಿಗೆ ಹೋಗಿ, ಆ ಎಂಟು ಕಿಟಕಿಗಳ ನಡುವೆ ಸ್ವಲ್ಪ ಹೊತ್ತು ನಿಂತು ಬರಬೇಕು.