ನಡುಮನೆಗೆ ಟೀವಿಯೋ, ಪ್ರೊಜೆಕ್ಟರೋ?

ಹಳೇ ಟೀವಿ ಕೈಕೊಟ್ಟ ದಿನ ನಮ್ಮನೇಲಿ ದೊಡ್ಡ ಪಂಚಾಯ್ತಿಯೇ ನಡೀತು. "ಅಪ್ಪಾ, ಟೀವಿಗಿಂತ ಕಮ್ಮಿ ದುಡ್ಡಿಗೆ ಗೋಡೆ ತುಂಬ ಸಿನಿಮಾ ಬರುತ್ತೆ" ಅಂತ ಮಗ ಮೊಬೈಲ್ ಹಿಡ್ಕೊಂಡು ಬಂದ. ಯಜಮಾನರು ಮಗನ ಕಡೆ ವಾಲಿದರು. ನಾನೂ ಹೂಂ ಅಂದೆ. ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸ್ತಿದ್ದ ಅತ್ತೆಯವರನ್ನು ಯಾರೂ ಕೇಳಲಿಲ್ಲ. ನಾಲ್ಕೇ ದಿನಕ್ಕೆ 12 ಸಾವಿರದ ಪ್ರೊಜೆಕ್ಟರ್ ಮನೆಗೆ ಬಂತು.

ಮೊದಲ ರಾತ್ರಿ ಹಬ್ಬವೇ. ಲೈಟ್ ಆರಿಸಿ, ಬಿಳೀ ಗೋಡೆ ಮೇಲೆ ಆಳೆತ್ತರದ ಚಿತ್ರ! ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆ ತಮ್ಮ ಕಾರ್ಯಕ್ರಮ ನೋಡೋಕೆ ಕೂತರು. "ಮಸಕು ಮಸಕಾಗಿ ಯಾರೋ ಓಡಾಡ್ತಾರೆ ಕಣಮ್ಮಾ, ಮುಖವೇ ಕಾಣಲ್ಲ" ಅಂದ್ರು. ಪರದೆ ಎಳೆದೆ. ಚಿತ್ರ ಸ್ವಲ್ಪ ತಿಳಿಯಾಯ್ತು, ಆದರೆ ಹಾಲ್ ಕತ್ತಲಾಯ್ತು. ಟೀವಿ ನೋಡ್ತಾ ಸೊಪ್ಪು ಸೋಸೋದು ಅವರ ರೂಢಿ. ಕತ್ತಲಲ್ಲಿ ಅದು ಆಗೋ ಮಾತೇ? "ಬಿಡಮ್ಮಾ, ನಂಗೇನು ನೋಡ್ಲೇಬೇಕು ಅಂತಿಲ್ಲ" ಅಂದುಬಿಟ್ಟರು.

ಎರಡು ವಾರ ಕಳೆದ ಮೇಲೆ ಪಕ್ಕದ ಮನೆಯಾಕೆ ನಗ್ತಾ ಹೇಳಿದರು: "ನಿಮ್ಮತ್ತೆ ಈಗ ದಿನಾ ಮಧ್ಯಾಹ್ನ ನಮ್ಮನೇಲೇ ಧಾರಾವಾಹಿ ನೋಡೋದು." ನಗೋಕೆ ನನ್ನಿಂದ ಆಗಲಿಲ್ಲ. ಎಪ್ಪತ್ತು ದಾಟಿದ ಜೀವ, ತನ್ನ ಮನೆಯಲ್ಲಿ ಟೀವಿ ಇಲ್ಲ ಅಂತ ಬೇರೆಯವರ ಮನೆ ಮೆಟ್ಟಿಲು ಹತ್ತಬೇಕಾಯ್ತಲ್ಲ! ನಾವು ಪರದೆಯ ಅಳತೆ ನೋಡಿದ್ವಿ, ಮನೆಯ ದಿನಚರಿ ನೋಡಲಿಲ್ಲ. ಆಮೇಲೆ ಕೂತು ಕಲಿತದ್ದನ್ನು ನಿಮ್ಮ ಮುಂದೆ ಇಡ್ತಿದ್ದೀನಿ.

ಟೆಂಟಿನಲ್ಲಿ ಹಗಲಾಟ ಯಾಕಿರಲಿಲ್ಲ?

ಊರಾಚೆ ಬಯಲಿನಲ್ಲಿ ಟೆಂಟ್ ಸಿನಿಮಾ ಬರುತ್ತಿದ್ದ ಕಾಲ ಹಿರಿಯರಿಗೆ ನೆನಪಿರುತ್ತೆ. ಸಾಮಾನ್ಯವಾಗಿ ಹೊತ್ತು ಮುಳುಗಿದ ಮೇಲೇ ಮೊದಲ ಆಟ. ಬಟ್ಟೆಯ ಟೆಂಟಿನೊಳಗೆ ಹಗಲು ಬೆಳಕು ನುಗ್ಗಿದರೆ ತೆರೆಯ ಮೇಲೆ ಏನೂ ಕಾಣದು. ಇವತ್ತಿನ ಪ್ರೊಜೆಕ್ಟರಿಗೂ ಅದೇ ನಿಯಮ.

ಟೀವಿ ತನ್ನ ಬೆಳಕನ್ನು ತಾನೇ ಕಣ್ಣಿಗೆ ಕಳಿಸುತ್ತದೆ. ಪ್ರೊಜೆಕ್ಟರ್ ಗೋಡೆಗೆ ಬೆಳಕು ಎಸೆಯುತ್ತದೆ, ಗೋಡೆಯಿಂದ ಮರಳಿ ಬಂದದ್ದನ್ನು ನಾವು ನೋಡುತ್ತೇವೆ. ಅದು ಬೆಳಕನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಚಿತ್ರದಲ್ಲಿ ಕಪ್ಪಿರಬೇಕಾದ ಕಡೆ ಕಾಣೋದು ಕೋಣೆಯ ಬೆಳಕು ಬಿದ್ದ ಗೋಡೆಯ ಬಣ್ಣವೇ. ಹಾಗಾಗಿ ಹಗಲಲ್ಲಿ ನಾಯಕಿಯ ಜಡೆಯೂ ಬೂದಿ ಬಣ್ಣ!

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಲಿನ ಕಿಟಕಿ ಪರದೆಗಳನ್ನೆಲ್ಲ ಎಳೆದು ದಿನಪತ್ರಿಕೆ ಹಿಡಿದು ಕೂರಿ. ಅಕ್ಷರ ಸಲೀಸಾಗಿ ಓದೋಕಾದರೆ, ಆ ಹೊತ್ತಿನಲ್ಲಿ ಅಲ್ಲಿ ಸಾಧಾರಣ ಪ್ರೊಜೆಕ್ಟರ್ ಚೆನ್ನಾಗಿ ಕಾಣಲ್ಲ ಅಂತಲೇ ತಿಳಿಯಿರಿ.

ಪೆಟ್ಟಿಗೆ ಮೇಲಿನ ದಪ್ಪಕ್ಷರ

ಕಡಿಮೆ ಬೆಲೆಯ ಪೆಟ್ಟಿಗೆಗಳ ಮೇಲೆ ಸಾವಿರಗಟ್ಟಲೆ 'ಲುಮೆನ್' ಅಂತ ದೊಡ್ಡದಾಗಿ ಬರೆದಿರುತ್ತೆ. ಅದು ಬಹುಪಾಲು ಒಳಗಿನ ದೀಪದ ಲೆಕ್ಕ, ಇಲ್ಲವೇ ಬರೀ ಜಾಹೀರಾತಿನ ಲೆಕ್ಕ. ಗೋಡೆಗೆ ತಲುಪುವ ಬೆಳಕಲ್ಲ. ನೀವು ಕೇಳಬೇಕಾದ್ದು 'ಆನ್ಸಿ ಲುಮೆನ್' ಅಥವಾ 'ಐಎಸ್‌ಒ ಲುಮೆನ್'. ಆನ್ಸಿ ಪದ್ಧತಿಯಲ್ಲಿ ಪರದೆಯನ್ನು 9 ಭಾಗ ಮಾಡಿ, ಒಂದೊಂದರಲ್ಲೂ ಬೆಳಕು ಅಳೆದು ಸರಾಸರಿ ತೆಗೆಯುತ್ತಾರೆ. ನಮ್ಮ ಪೆಟ್ಟಿಗೆ ಮೇಲೆ 9000 ಅಂತಿತ್ತು. ಕೈಪಿಡಿಯ ಕೊನೇ ಪುಟದ ಸಣ್ಣಕ್ಷರದಲ್ಲಿ ಇದ್ದದ್ದು 200 ಆನ್ಸಿ! ಪೂರ್ತಿ ಕತ್ತಲೆಯಲ್ಲಿ ಕೆಲವು ನೂರು ಆನ್ಸಿ ಲುಮೆನ್ ಸಾಕಾಗಬಹುದು. ಲೈಟ್ ಹಾಕಿಕೊಂಡು ನೋಡೋಕೆ ಎರಡೂವರೆ-ಮೂರು ಸಾವಿರವಾದರೂ ಬೇಕು.

ಚಿತ್ರ ದೊಡ್ಡದಾದಷ್ಟೂ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತೆ, ಸಾರಿಗೆ ನೀರು ಬೆರೆಸಿದ ಹಾಗೆ. 80 ಇಂಚಿನಿಂದ 120 ಇಂಚಿಗೆ ಹೋದರೆ ಜಾಗ ಎರಡೂಕಾಲು ಪಟ್ಟು, ಹೊಳಪು ಅರ್ಧಕ್ಕಿಂತ ಕಮ್ಮಿ.

ಇನ್ನೊಂದು ಮಾತು, '4ಕೆ ಸಪೋರ್ಟ್' ಅಂದರೆ 4ಕೆ ಚಿತ್ರ ಬಿಡಿಸುತ್ತೆ ಅಂತಲ್ಲ; 4ಕೆ ವಿಡಿಯೊ ಕೊಟ್ಟರೆ ತೆಗೆದುಕೊಂಡು ತನ್ನ ಶಕ್ತಿಗೆ ತಕ್ಕಂತೆ ಇಳಿಸಿ ತೋರಿಸುತ್ತೆ ಅಷ್ಟೇ. 'ನೇಟಿವ್ ರೆಸಲ್ಯೂಷನ್' ಎಷ್ಟು ಅಂತ ಕೇಳಿ. ಫುಲ್ ಎಚ್‌ಡಿ ಆದರೆ 1920x1080 ಇರಬೇಕು, ನಿಜವಾದ 4ಕೆ ಆದರೆ 3840x2160.

ಗೋಡೆ, ದೂರ, ಸೀಲಿಂಗ್ ಫ್ಯಾನ್

ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳತೆ. 100 ಇಂಚಿನ ಚಿತ್ರಕ್ಕೆ ಸುಮಾರು 7 ಅಡಿ 3 ಇಂಚು ಅಗಲ, 4 ಅಡಿ ಎತ್ತರದ ಖಾಲಿ ಗೋಡೆ ಬೇಕು. ಕ್ಯಾಲೆಂಡರ್, ಸ್ವಿಚ್‌ಬೋರ್ಡ್, ದೇವರ ಫೋಟೊ ಅಲ್ಲಿರುವಂತಿಲ್ಲ. ಪ್ರೊಜೆಕ್ಟರ್ ಎಷ್ಟು ದೂರದಲ್ಲಿರಬೇಕು ಅನ್ನೋದು ಅದರ 'ಥ್ರೋ ರೇಷಿಯೊ' ಮೇಲೆ ನಿಂತಿದೆ. ಅದು 1.5 ಆದರೆ, ಚಿತ್ರದ ಅಗಲದ ಒಂದೂವರೆ ಪಟ್ಟು ದೂರ. ಅಂದರೆ 100 ಇಂಚಿಗೆ ಹತ್ತಿರ ಹತ್ತಿರ 11 ಅಡಿ. ನಮ್ಮ 10x12 ಅಡಿಯ ಹಾಲಿನಲ್ಲಿ ಅಷ್ಟು ದೂರ ಇಟ್ಟರೆ ನಡುವೆ ಸೀಲಿಂಗ್ ಫ್ಯಾನ್. ಎತ್ತರದಲ್ಲಿಟ್ಟರೆ ರೆಕ್ಕೆಯ ನೆರಳು, ಟೀಪಾಯಿ ಮೇಲಿಟ್ಟರೆ ಓಡಾಡೋರ ನೆರಳು. ಗೋಡೆಗೆ ಒಂದೆರಡು ಅಡಿಯಲ್ಲೇ ಇಡಬಹುದಾದ 'ಅಲ್ಟ್ರಾ ಶಾರ್ಟ್ ಥ್ರೋ' ಬಗೆಯೂ ಇದೆ, ಆದರೆ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತೆ.

ಕೂರುವ ದೂರಕ್ಕೂ ಒಂದು ಲೆಕ್ಕ ಇದೆ: ಇಂಚಿನ ಅಳತೆಯ ಸುಮಾರು 1.6 ಪಟ್ಟು. 43 ಇಂಚಿಗೆ 6 ಅಡಿ, 55 ಇಂಚಿಗೆ 7 ಅಡಿಗಿಂತ ತುಸು ಹೆಚ್ಚು, 100 ಇಂಚಿಗೆ 13 ಅಡಿ. 4ಕೆ ಚಿತ್ರವಾದರೆ ಇನ್ನೂ ಹತ್ತಿರ ಕೂರಬಹುದು. ಆದರೂ ಸಣ್ಣ ಹಾಲಿನಲ್ಲಿ ಗೋಡೆ ತುಂಬ ಚಿತ್ರ ಬಂದರೆ ಮುಂದಿನ ಬೆಂಚಿನಲ್ಲಿ ಕೂತು ಕತ್ತು ತಿರುಗಿಸಿದ ಹಾಗೇ.

ಬಿಲ್ಲಿನಲ್ಲಿ ಕಾಣದ ಖರ್ಚು

ಟೀವಿ ತಂದರೆ ಸೆಟ್ ಟಾಪ್ ಬಾಕ್ಸ್ ಸಿಕ್ಕಿಸಿ ನೋಡೋದೇ. ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಸಾಮಾನ್ಯವಾಗಿ ಸಾಲದು, ಬೇರೆ ಬೇಕು. ಬ್ಲೂಟೂತ್ ಸ್ಪೀಕರ್ ಹಾಕಿದರೆ ಕೆಲವೊಮ್ಮೆ ತುಟಿ ಒಂದು, ಮಾತು ಇನ್ನೊಂದು. ಕೆಲವು ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಎಲ್ಲಾ ಓಟಿಟಿ ಆ್ಯಪ್‌ಗಳೂ ನಡೆಯಲ್ಲ, ಅಂಗಡಿಯಲ್ಲೇ ಹಾಕಿಸಿ ನೋಡಿ.

ದೀಪದ ಆಯುಷ್ಯವನ್ನೂ ಕೇಳಿ. ಹಳೇ ಬಗೆಯ ಲ್ಯಾಂಪ್ ಸುಮಾರು 4000 ಗಂಟೆ ಬಂದರೆ, ದಿನಕ್ಕೆ 4 ಗಂಟೆಯಂತೆ ಮೂರು ವರ್ಷದೊಳಗೇ ಹೊಸದು ಬೇಕು. ಎಲ್ಇಡಿ, ಲೇಸರ್ ಬಗೆಗೆ 20,000 ಗಂಟೆ ಅಂತ ಕಂಪನಿಗಳು ಹೇಳುತ್ತವೆ. ಆ ಲೆಕ್ಕದಲ್ಲಿ 13 ವರ್ಷದ ಮೇಲೆ. ಲ್ಯಾಂಪ್ ಇರೋ ಪ್ರೊಜೆಕ್ಟರ್ ಆರಿಸಿದ ಮೇಲೂ ಫ್ಯಾನ್ ತಿರುಗಿ ದೀಪ ತಣಿಯಬೇಕು, ಹಾಗಾಗಿ ಕರೆಂಟ್ ಪದೇ ಪದೇ ಹೋಗೋ ಊರಿನಲ್ಲಿ ಯುಪಿಎಸ್ಸೂ ಬೇಕು.

ಟೀವಿಗೂ ಅದರದ್ದೇ ಕಾಟ ಇದೆ. ಮಕ್ಕಳ ಚೆಂಡು ಬಿದ್ದು ಪರದೆ ಒಡೆದರೆ, ರಿಪೇರಿ ಖರ್ಚಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಟೀವಿಯೇ ಬರುತ್ತೆ. ಬಾಡಿಗೆ ಮನೆ ಬದಲಿಸುವಾಗ ದೊಡ್ಡ ಟೀವಿ ಸಾಗಿಸೋದು ತಲೆನೋವು. ಪ್ರೊಜೆಕ್ಟರ್ ಚೀಲದಲ್ಲಿ ಹಿಡಿಸುತ್ತೆ. ತೆರಿಗೆಯಲ್ಲಿ ಈಗ ಭೇದ ಇಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಪ್ರೊಜೆಕ್ಟರಿಗೂ ಅದೇ ದರ.

ಒಂದು ವಾರದ ಚೀಟಿ

ಹಾಗಾದರೆ ಯಾವುದು ತರೋದು? ರಾತ್ರಿ ಮಾತ್ರ ಸಿನಿಮಾ, ಕ್ರಿಕೆಟ್ ನೋಡುವವರು, ಕತ್ತಲು ಮಾಡಬಹುದಾದ ಕೋಣೆ ಇರುವವರು, ಧ್ವನಿಗೂ ದುಡ್ಡು ಎತ್ತಿಟ್ಟವರು ಪ್ರೊಜೆಕ್ಟರ್ ತಂದರೆ ಖುಷಿಪಡ್ತಾರೆ. ಬೆಳಿಗ್ಗೆ ಸುದ್ದಿ, ಮಧ್ಯಾಹ್ನ ಧಾರಾವಾಹಿ, ಸಂಜೆ ಮಕ್ಕಳ ಕಾರ್ಟೂನ್ ಅಂತ ದಿನವಿಡೀ ಓಡೋ ಮನೆಗೆ ಟೀವಿಯೇ ಸರಿ.

ನಿಮ್ಮ ಮನೆ ಯಾವ ಬಗೆ ಅಂತ ಊಹಿಸಬೇಡಿ, ಬರೆದು ನೋಡಿ. ಒಂದು ವಾರ ಟೀವಿ ಪಕ್ಕ ಚೀಟಿ ಅಂಟಿಸಿ: ಯಾರು, ಎಷ್ಟು ಹೊತ್ತಿಗೆ, ಎಷ್ಟು ಗಂಟೆ, ಲೈಟ್ ಇತ್ತೋ ಇಲ್ಲವೋ. ನಾವು ತಡವಾಗಿ ಈ ಲೆಕ್ಕ ಹಾಕಿದೆವು. ಹಳೇ ಟೀವಿ ದಿನಕ್ಕೆ ಐದು ಗಂಟೆ ಓಡುತ್ತಿದ್ದರೆ, ಅದರಲ್ಲಿ ಮೂರೂವರೆ ಅತ್ತೆಯವರದ್ದು, ಅದೂ ಹಗಲಿನಲ್ಲಿ. ಸಿನಿಮಾ ವಾರಕ್ಕೊಂದೋ ಎರಡೋ.

ಕೊನೆಗೆ 43 ಇಂಚಿನ ಟೀವಿ ತಂದೆವು. ಈ ಸಲ ಅಂಗಡಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ವಿ. ಅವರು ಇಂಚು ಕೇಳಲಿಲ್ಲ, 4ಕೆ ಕೇಳಲಿಲ್ಲ. ರಿಮೋಟ್ ಕೈಗೆ ತಗೊಂಡು, "ಇದರಲ್ಲಿ ಅಕ್ಷರ ದಪ್ಪಗಿದೆಯೇನಪ್ಪಾ?" ಅಂತ ಹುಡುಗನನ್ನು ಕೇಳಿದರು. ನಮಗ್ಯಾರಿಗೂ ಹೊಳೆಯದ ಪ್ರಶ್ನೆ ಅದು.

ಪ್ರೊಜೆಕ್ಟರ್ ಮೂಲೆ ಸೇರಲಿಲ್ಲ. ಶನಿವಾರ ರಾತ್ರಿ ತಾರಸಿಯಲ್ಲಿ, ಬಟ್ಟೆ ಒಣಹಾಕೋ ತಂತಿಗೆ ಬಿಳೀ ಪಂಚೆ ಕಟ್ಟಿ, ಚಾಪೆ ಹಾಸಿ ಸಿನಿಮಾ ನೋಡ್ತೀವಿ. ಕತ್ತಲಲ್ಲಿ 200 ಲುಮೆನ್ನೇ ಸಾಕು. ಪಕ್ಕದ ಮನೆಯವರೂ ಪುರಿ ಹಿಡಿದು ಬರ್ತಾರೆ. ಇಷ್ಟು ದಿನ ಅವರ ಮನೆಯಲ್ಲಿ ನೋಡಿದ ಧಾರಾವಾಹಿಯ ಋಣ ತೀರಿಸಬೇಕಲ್ಲ ಅಂತಾರೆ ಅತ್ತೆ.